ಪಾಯ್ಸ್: ಒಂದು ಮನೆತನದ ಹೆಸರಿನ ಮೂಲ, ಅರ್ಥ ಮತ್ತು ಹರಹು

ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದಾಗ ಅದರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅಡಿಗಲ್ಲು, ಗೋಪುರ, ಗಂಟೆ, ಸೇವೆ ಸಲ್ಲಿಸಿದ ಗುರುಗಳ ಪರಂಪರೆ ಇವುಗಳಿಂದ ಆರಂಭಿಸುತ್ತಾರೆ. ಅದು ಯುಕ್ತವೂ ಹೌದು. ಆದರೆ ಧರ್ಮಕೇಂದ್ರದ ಕಪಾಟಿನಲ್ಲಿ ಇನ್ನೊಂದು ಬಗೆಯ ಚರಿತ್ರೆಯೂ ಸದ್ದಿಲ್ಲದೆ ಕುಳಿತಿರುತ್ತದೆ. ಜ್ಞಾನಸ್ನಾನ, ವಿವಾಹ, ಮರಣ ಇವುಗಳ ದಫ್ತರಗಳೇ ಆ ಚರಿತ್ರೆ. ಅಲ್ಲಿ ಅರಸರಿಲ್ಲ, ಯುದ್ಧಗಳಿಲ್ಲ, ಬರಿಯ ಹೆಸರುಗಳಿವೆ. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನಪಿತೃ ಜ್ಞಾನಮಾತೆಯರ ಹೆಸರು, ಊರಿನ ಹೆಸರು. ಇವುಗಳಲ್ಲಿ ಜ್ಞಾನಸ್ನಾನ ಮತ್ತು ವಿವಾಹಗಳ ದಫ್ತರಗಳನ್ನು ಪ್ರತಿಯೊಂದು ಧರ್ಮಕೇಂದ್ರದ ಗುರುವೂ ಇಡಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ವಿಧಿಸಿತು. ಸಾಮಾನ್ಯ ಒಕ್ಕಲಿಗನ, ಕೂಲಿಕಾರನ ಹೆಸರು ಸಹ ಮಸಿಯಲ್ಲಿ ಮೂಡಿ ಉಳಿಯುವಂತಾದುದು ಇದರಿಂದಲೇ.

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ ಈ ನಾಲ್ಕೂರುಗಳ ಸುತ್ತಿನ ಕಥೋಲಿಕ ಕುಟುಂಬಗಳು ಒಂದೇ ಸೀಮೆಯಿಂದ ಬಂದು ನೆಲೆಸಿದವಲ್ಲ. ಕನ್ನಡ, ತೆಲುಗು, ತಮಿಳು, ಕೊಂಕಣಿ, ಮಲೆಯಾಳ ಇಷ್ಟು ಮನೆಮಾತುಗಳು ಒಂದೇ ಪೂಜಾಪೀಠದ ಮುಂದೆ ಸೇರುತ್ತವೆ. ಅದಕ್ಕೆ ತಕ್ಕಂತೆ ಹೆಸರುಗಳೂ ಹಲವು. ಚಿನ್ನಪ್ಪ, ರಾಯಪ್ಪ, ಇನ್ನಾಸಪ್ಪ, ಅಂತೋಣಿ, ವರ್ಗೀಸ್ ಎಂಬ ಹೆಸರುಗಳ ಪಕ್ಕದಲ್ಲಿಯೇ ಡಿಸೋಜ, ಫರ್ನಾಂಡಿಸ್, ಲೋಬೊ, ಪಾಯ್ಸ್ ಎಂಬ ಹೆಸರುಗಳೂ ಇರುತ್ತವೆ. ಈ ಎರಡನೆಯ ಗುಂಪಿನ ಹೆಸರುಗಳ ವಿಷಯದಲ್ಲಿ ಎರಡು ತಪ್ಪು ಎಣಿಕೆಗಳು ಬಹುಕಾಲದಿಂದ ಉಳಿದುಬಂದಿವೆ. ಹೊರಗಿನವರು, “ಇವರು ಪರಂಗಿಯವರ ಸಂತತಿ, ಈ ನಾಡಿನವರಲ್ಲ” ಎಂದುಕೊಳ್ಳುತ್ತಾರೆ. ಒಳಗಿನವರಲ್ಲಿ ಕೆಲವರು ಅದೇ ಮಾತನ್ನು ಹೆಮ್ಮೆಯಾಗಿ ಧರಿಸುತ್ತಾರೆ; ಅಡ್ಡಹೆಸರಿಲ್ಲದ ಚಿನ್ನಪ್ಪನ ಮಗ ತನ್ನ ಕ್ರೈಸ್ತತನವೇ ಅರ್ಧ ಕಡಿಮೆಯೇನೋ ಎಂದು ಸಂಕೋಚಪಡುತ್ತಾನೆ. ಈ ಎರಡೂ ಎಣಿಕೆಗಳನ್ನು ಒಂದೇ ಒಂದು ಹೆಸರಿನ ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಆ ಹೆಸರು ಪಾಯ್ಸ್.

ಇದನ್ನೇ ಆರಿಸಿಕೊಳ್ಳಲು ಕಾರಣವುಂಟು. ಶಾಲೆಯ ಇತಿಹಾಸ ಪುಸ್ತಕದಲ್ಲಿ ವಿಜಯನಗರವನ್ನು ಕಂಡು ಬರೆದ ಪ್ರವಾಸಿಯೊಬ್ಬನ ಹೆಸರನ್ನು ಡೊಮಿಂಗೊ ಪಾಯಸ್ ಎಂದು ನಾವೆಲ್ಲರೂ ಓದಿದ್ದೇವೆ. ಟೆನ್ನಿಸ್ ಆಟಗಾರ ಲಿಯಾಂಡರ್ ಅವರ ಹೆಸರನ್ನು ಪತ್ರಿಕೆಗಳು ಪೇಸ್ ಎಂದು ಅಚ್ಚುಮಾಡುತ್ತವೆ. ಮಂಗಳೂರಿನ ಕಡೆಯ ಕುಟುಂಬಗಳು ಅದನ್ನೇ ಪಾಯ್ಸ್ ಎಂದು ಬರೆದುಕೊಳ್ಳುತ್ತವೆ. ಕನ್ನಡದಲ್ಲಿ ಮೂರು ವೇಷ ತೊಟ್ಟಿರುವುದರಿಂದ ಈ ಮೂರೂ ಒಂದೇ ಹೆಸರೆಂದು ಅನೇಕರಿಗೆ ಹೊಳೆಯುವುದೇ ಇಲ್ಲ.

ಹಂಪೆಗೆ ಬಂದ ಪಾಯಸ್

ಪೋರ್ಚುಗೀಸರು ಗೋವೆಯನ್ನು ಗೆದ್ದುಕೊಂಡದ್ದು 1510ರಲ್ಲಿ. ಅದೇ ವರ್ಷ ಗವರ್ನರನಾದ ಅಫೊನ್ಸೊ ಡಿ ಅಲ್ಬುಕರ್ಕ್ ಕೃಷ್ಣದೇವರಾಯನ ಆಸ್ಥಾನಕ್ಕೆ ಫ್ರಾನ್ಸಿಸ್ಕನ್ ಸಭೆಯ ಗುರು ಲೂಯಿಸ್ ಎಂಬವರನ್ನು ದೂತರನ್ನಾಗಿ ಕಳುಹಿಸಿದನು. ಆ ಬಳಿಕ ಕುದುರೆ ವ್ಯಾಪಾರಿಗಳು, ಸಿಪಾಯಿಗಳು, ಕುಶಲಕರ್ಮಿಗಳು ಒಬ್ಬರ ಹಿಂದೊಬ್ಬರು ಭಟ್ಕಳ, ಗೋವೆಗಳ ದಾರಿಯಿಂದ ಘಟ್ಟ ಹತ್ತಿ ಬಂದರು. ಸುಮಾರು 1520ರಲ್ಲಿ ಕ್ರಿಸ್ಟೊವಾವ್ ಡಿ ಫಿಗೈರೆಡೊ ಎಂಬ ಪ್ರಮುಖನ ತಂಡದೊಡನೆ ರಾಜಧಾನಿಯನ್ನು ಪ್ರವೇಶಿಸಿದವನು ಡೊಮಿಂಗೊ ಪಾಯಸ್. ಕೃಷ್ಣದೇವರಾಯನ ರೂಪ, ದಿನಚರಿ, ಮಹಾನವಮಿಯ ವೈಭವ, ಬೀದಿಗಳು, ಸಂತೆಗಳು, ಕಾಲುವೆಗಳು ಇವುಗಳನ್ನು ಕಣ್ಣಾರೆ ಕಂಡು ಆತ ಬರೆದನು. ನಗರದ ವಿಸ್ತಾರವನ್ನು ರೋಮಿಗೆ ಹೋಲಿಸಿದನು. ಸುಮಾರು ಹದಿನೈದು ವರ್ಷಗಳ ಅನಂತರ ಫೆರ್ನಾವ್ ನೂನೆಸ್ ಎಂಬ ಕುದುರೆ ವ್ಯಾಪಾರಿ ಇಲ್ಲಿಯೇ ಕೆಲಕಾಲ ವಾಸಿಸಿ ಅರಸರ ಚರಿತ್ರೆಯನ್ನು ಬರೆದಿಟ್ಟನು. ಇವೆರಡೂ ಬರಹಗಳು ಪ್ಯಾರಿಸ್ಸಿನ ಗ್ರಂಥಾಲಯದ ಒಂದೇ ಹಸ್ತಪ್ರತಿಯಲ್ಲಿ ಉಳಿದಿದ್ದವು. ಅವನ್ನು ಪೋರ್ಚುಗಲ್ಲಿನ ವಿದ್ವಾಂಸ ಡೇವಿಡ್ ಲೋಪೆಸ್ 1897ರಲ್ಲಿ ಪ್ರಕಟಿಸಿದರು. ಮದರಾಸು ಸಿವಿಲ್ ಸರ್ವೀಸಿನ ರಾಬರ್ಟ್ ಸೂಯೆಲ್ 1900ರಲ್ಲಿ ಇಂಗ್ಲಿಷಿಗೆ ತಂದರು.

ಹೊಸಪೇಟೆಯವರಾದ ನಮಗೆ ಈ ಬರಹಗಳಲ್ಲಿ ವಿಶೇಷವಾದ ಒಂದು ಭಾಗವಿದೆ. ರಾಯನು ಹೊಸದಾಗಿ ಕಟ್ಟಿಸುತ್ತಿದ್ದ ಪಟ್ಟಣಕ್ಕಾಗಿ, ಅಂದರೆ ನಾಗಲಾಪುರವೆನಿಸಿದ ಇಂದಿನ ಹೊಸಪೇಟೆಗಾಗಿ, ಎರಡು ಬೆಟ್ಟಗಳ ನಡುವೆ ಮಹಾಕೆರೆಯೊಂದರ ಏರಿಯನ್ನು ಹಾಕಿಸುತ್ತಿದ್ದನು. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿ ಅಲ್ಲಿ ದುಡಿಯುತ್ತಿದ್ದುದನ್ನು ಪಾಯಸ್ ಕಂಡನು. ಈ ಕೆಲಸಕ್ಕೆ ಗೋವೆಯ ಗವರ್ನರನು ಜೊವಾವ್ ಡೆಲ್ಲಾ ಪೊಂಟೆ ಎಂಬ ಕಲ್ಲುಕೆಲಸದ ನಿಪುಣನನ್ನು ಕಳುಹಿಸಿದನೆಂದೂ, ಆತ ಸುಣ್ಣ ಬೇಕೆಂದಾಗ ರಾಯನು ನಕ್ಕನೆಂದೂ ನೂನೆಸ್ ಹೇಳುತ್ತಾನೆ. ಹೊಸಪೇಟೆಯಿಂದ ಸಂಡೂರು ಬೆಟ್ಟಗಳೊಳಗೆ ಹೋಗುವ ಕಣಿವೆಯ ಬಾಯಲ್ಲಿ ಇಂದಿಗೂ ಕಾಣುವ ಭಾರಿ ಏರಿಯೇ ಅದೆಂದು ಸೂಯೆಲ್ ಗುರುತಿಸಿದರು.

ಈ ಪುಟಗಳಲ್ಲಿ ವಿಜಯನಗರವು ‘ಬಿಸ್ನಗ’ವಾಗಿದೆ, ಕೃಷ್ಣರಾಯನು ‘ಕ್ರಿಸ್ನರಾವ್’ ಆಗಿದ್ದಾನೆ, ರಾಯಚೂರು ‘ರಾಚೋಲ್’ ಆಗಿದೆ, ಭಟ್ಕಳವು ‘ಬಟೆಕಲ’ವಾಗಿದೆ. ಅವರ ನಾಲಿಗೆ ನಮ್ಮ ಹೆಸರುಗಳನ್ನು ಹೇಗೆ ತಿರುಚಿತೋ ಹಾಗೆಯೇ ನಮ್ಮ ನಾಲಿಗೆ ಅವರ ಹೆಸರುಗಳನ್ನು ತಿರುಚಿತು. ಪಾಯಸ್, ಪೇಸ್, ಪಾಯ್ಸ್ ಎಂಬ ರೂಪಗಳು ಆ ಲೆಕ್ಕದ ಮರುಪಾವತಿಯೆನ್ನಬಹುದು. ಇಂದಿನ ಪೋರ್ಚುಗೀಸರ ಬಾಯಲ್ಲಿ ಅದು ‘ಪೈಶ್’ ಎಂಬಂತೆ ಕೇಳಿಸುತ್ತದೆ.

ತಂದೆಯ ಹೆಸರಿನಿಂದ ಹುಟ್ಟಿದ ಹೆಸರು

ಯುರೋಪಿನ ಮನೆತನದ ಹೆಸರುಗಳು ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳಂತೆಯೇ ನಾಲ್ಕಾರು ಬಗೆಯ ಮೂಲಗಳಿಂದ ಹುಟ್ಟಿದವು. ಬಳ್ಳಾರಿ, ಕಂಪ್ಲಿ ಎಂದು ಊರನ್ನೇ ಅಡ್ಡಹೆಸರಾಗಿ ಉಳ್ಳವರು ನಮ್ಮಲ್ಲಿರುವಂತೆ ಅಲ್ಲಿಯೂ ಇದ್ದಾರೆ. ಸೋಜ ಎಂಬುದು ಉತ್ತರ ಪೋರ್ಚುಗಲ್ಲಿನ ಸೌಜ ಎಂಬ ಹೊಳೆಯ ಸೀಮೆಯಿಂದ ಬಂದುದು. ಡಿಸೋಜ ಎಂದರೆ ಆ ಸೀಮೆಯವನು. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳನ್ನು ಕೇಳಿ ಬೆಳೆದ ನಮಗೆ ಪಿರೇರ ಎಂದರೆ ಪೇರುಹಣ್ಣಿನ ಜಾತಿಗೆ ಸೇರದ ಬೇರೊಂದು ಹಣ್ಣಿನ, ಅಂದರೆ ಮರಸೇಬಿನ, ಗಿಡವೆಂದು ತಿಳಿದರೆ ಆಶ್ಚರ್ಯವಾಗಬೇಕಾದುದಿಲ್ಲ. ಲೋಬೊ ಎಂದರೆ ತೋಳ, ಕುವೆಲ್ಲೊ ಎಂದರೆ ಮೊಲ. ಮೇಲೆ ಹೇಳಿದ ಫಿಗೈರೆಡೊ ಎಂದರೆ ಅಂಜೂರದ ತೋಪು. ಪೊಂಟೆ ಎಂದರೆ ಸೇತುವೆ.

ಪಾಯ್ಸ್ ಎಂಬುದು ಇವೆಲ್ಲಕ್ಕಿಂತ ಬೇರೆಯ ಗುಂಪಿಗೆ ಸೇರುತ್ತದೆ. ಅದು ಪಿತೃನಾಮ. ಮಧ್ಯಯುಗದ ಪೋರ್ಚುಗಲ್, ಗಲೀಸಿಯ, ಕ್ಯಾಸ್ಟೀಲ್ ಸೀಮೆಗಳಲ್ಲಿ ತಂದೆಯ ಹೆಸರಿಗೆ ‘ಎಸ್’ ಅಥವಾ ‘ಎಜ್’ ಎಂಬ ಪ್ರತ್ಯಯವನ್ನು ಹಚ್ಚಿ ಮಗನನ್ನು ಕರೆಯುವ ಪದ್ಧತಿಯಿತ್ತು. ಫರ್ನಾಂಡೊನ ಮಗ ಫರ್ನಾಂಡಿಸ್, ರೊಡ್ರಿಗೊನ ಮಗ ರೊಡ್ರಿಗಸ್, ಗೊನ್ಸಾಲೊನ ಮಗ ಗೊನ್ಸಾಲ್ವಿಸ್, ನೂನೊನ ಮಗ ನೂನೆಸ್. ಹಾಗೆಯೇ ಪಾಯೊ ಎಂಬವನ ಮಗ ಪಾಯೆಸ್ ಅಥವಾ ಪಾಯ್ಸ್. ಸ್ಪೇನಿನಲ್ಲಿ ಇದೇ ಹೆಸರು ಪಾಯೆಜ್ ಎಂದಾಯಿತು.

ಆ ಕಾಲದಲ್ಲಿ ಇದು ಮನೆತನದ ಹೆಸರಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ತಲೆಮಾರಿನಿಂದ ತಲೆಮಾರಿಗೆ ಅದು ಬದಲಾಗುತ್ತಿತ್ತು. ಪೋರ್ಚುಗಲ್ಲಿನ ಟೆಂಪ್ಲರ್ ವೀರಸಭೆಯ ಮುಖ್ಯಸ್ಥನಾಗಿದ್ದು 1160ರಲ್ಲಿ ತೊಮಾರ್ ಕೋಟೆಗೆ ಅಡಿಗಲ್ಲಿಟ್ಟ ಗುವಾಲ್ದಿಂ ಪಾಯ್ಸ್ ಎಂಬವನು ಇದಕ್ಕೆ ಒಳ್ಳೆಯ ನಿದರ್ಶನ. ಆತನ ತಂದೆಯ ಹೆಸರು ಪಾಯೊ ರಾಮಿರೆಸ್. ತಂದೆ ರಾಮಿರೊನ ಮಗನಾದುದರಿಂದ ರಾಮಿರೆಸ್. ಮಗ ಪಾಯೊನ ಮಗನಾದುದರಿಂದ ಪಾಯ್ಸ್. ಒಂದೇ ಮನೆಯ ತಂದೆಗೊಂದು, ಮಗನಿಗೊಂದು ಎರಡನೆಯ ಹೆಸರು. ಮುಂದಿನ ಶತಮಾನದ ಸೇನಾನಿ ಪಾಯೊ ಪೆರೆಸ್ ಕೊರೆಯ ಎಂಬವನ ಹೆಸರಿನಲ್ಲಿ ಸ್ವಂತ ಹೆಸರು, ತಂದೆಯ ಗುರುತು, ಮನೆತನದ ಹೆಸರು ಮೂರೂ ಸಾಲಾಗಿ ನಿಂತಿವೆ. ಮಧ್ಯಯುಗದ ಕೊನೆಗೆ ಆಸ್ತಿ, ಕಂದಾಯ, ನ್ಯಾಯಸ್ಥಾನಗಳ ಕಾಗದಪತ್ರಗಳು ಹೆಚ್ಚಿದಂತೆ ಒಂದು ತಲೆಮಾರಿನ ಪಿತೃನಾಮವು ಮುಂದಿನ ಎಲ್ಲ ತಲೆಮಾರುಗಳಿಗೂ ಗಟ್ಟಿಯಾಗಿ ಅಂಟಿಕೊಂಡಿತು. ಹಂಪೆಗೆ ಬಂದ ಡೊಮಿಂಗೊನ ಕಾಲಕ್ಕೆ ಪಾಯಸ್ ಎಂಬುದು ತಂದೆಯ ಹೆಸರಾಗಿ ಉಳಿಯದೆ ವಂಶದ ಹೆಸರಾಗಿ ನಡೆಯುತ್ತಿತ್ತು.

ಆತನ ಸ್ವಂತ ಹೆಸರು ಡೊಮಿಂಗೊ ಎಂದರೆ ಪ್ರಭುವಿನವನು ಎಂದರ್ಥ. ಪ್ರಭುವಿನ ದಿನವಾದ ಭಾನುವಾರಕ್ಕೂ ಪೋರ್ಚುಗೀಸಿನಲ್ಲಿ ಅದೇ ಹೆಸರು. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಅದು ದುಮಿಂಗ್ ಎಂದು ಉಳಿದಿದೆ.

ಸಮುದ್ರದಿಂದ ಬಂದ ಅರ್ಥ

ಹಾಗಾದರೆ ಮೂಲಪುರುಷನಾದ ಪಾಯೊ ಎಂಬ ಹೆಸರಿಗೆ ಅರ್ಥವೇನು? ಇದು ಲ್ಯಾಟಿನಿನ ಪೆಲಾಜಿಯಸ್ ಎಂಬುದರ ಸವೆದ ರೂಪ. ಪೆಲಾಜಿಯಸ್ ಗ್ರೀಕಿನ ಪೆಲಗೊಸ್ ಎಂಬ ಶಬ್ದದಿಂದ ಬಂದುದು; ಪೆಲಗೊಸ್ ಎಂದರೆ ಸಮುದ್ರ. ಹೀಗಾಗಿ ಪೆಲಾಜಿಯಸ್ ಎಂದರೆ ಸಮುದ್ರಕ್ಕೆ ಸೇರಿದವನು. ಬಾಯಿಂದ ಬಾಯಿಗೆ ಬರುತ್ತ ನಡುವಣ ಅಕ್ಷರಗಳು ಉದುರಿ ಸ್ಪೇನಿನಲ್ಲಿ ಪೆಲಾಯೊ ಎಂದೂ ಪೋರ್ಚುಗಲ್ಲಿನಲ್ಲಿ ಪಾಯೊ ಎಂದೂ ಆಯಿತು. ಇಗ್ನೇಷಿಯಸ್ ಎಂಬುದು ನಮ್ಮ ಹಳ್ಳಿಗಳಲ್ಲಿ ಇನ್ನಾಸಪ್ಪನಾದಂತೆಯೇ ಇದು.

ಈ ಹೆಸರು ಆ ನಾಡಿನಲ್ಲಿ ಅಷ್ಟು ಪ್ರಿಯವಾದುದಕ್ಕೆ ಇಬ್ಬರು ವ್ಯಕ್ತಿಗಳು ಕಾರಣರು. ಒಬ್ಬನು ಎಂಟನೆಯ ಶತಮಾನದಲ್ಲಿ ಅಸ್ತೂರಿಯಾಸ್ ರಾಜ್ಯವನ್ನು ಸ್ಥಾಪಿಸಿದ ಅರಸ ಪೆಲಾಯೊ. ಇನ್ನೊಬ್ಬನು ಹತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಕೊರ್ಡೋವದಲ್ಲಿ ಒತ್ತೆಯಾಳಾಗಿದ್ದು ರಕ್ತಸಾಕ್ಷಿಯಾದ ಬಾಲಕ ಸಂತ ಪೆಲಾಜಿಯಸ್. ಆತನ ಸ್ಮರಣೆಯ ಹಬ್ಬ ಜೂನ್ 26. ಪೋರ್ಚುಗಲ್ಲಿನಲ್ಲಿಯೂ ಗಲೀಸಿಯದಲ್ಲಿಯೂ ಈ ಬಾಲಸಂತನ ಹೆಸರನ್ನು ಹೊತ್ತ ಹಳ್ಳಿಗಳೂ ದೇವಾಲಯಗಳೂ ಇಂದಿಗೂ ಇವೆ. ಮಕ್ಕಳಿಗೆ ಸಂತನ ಹೆಸರು, ಆ ಮಕ್ಕಳ ಮಕ್ಕಳಿಗೆ ತಂದೆಯ ಹೆಸರು ಎಂಬ ಕ್ರಮದಲ್ಲಿ ಪಾಯ್ಸ್ ಎಂಬುದು ಹಬ್ಬಿತು. ಪೋರ್ಚುಗೀಸಿನಲ್ಲಿ ‘ಪಾಯ್ಸ್’ ಎಂಬ ಇದೇ ಉಚ್ಚಾರದ ಇನ್ನೊಂದು ಶಬ್ದವಿದೆ. ಅದರ ಅರ್ಥ ತಂದೆತಾಯಿಗಳು. ಕೆಲವರು ಅದನ್ನೇ ಮನೆತನದ ಹೆಸರಿನ ಅರ್ಥವೆಂದು ಹೇಳುವುದುಂಟು. ಅದು ಕೇವಲ ಧ್ವನಿಸಾಮ್ಯ, ಮೂಲ ಬೇರೆ.

ಗೋವೆಯ ಜ್ಞಾನಸ್ನಾನದ ತೊಟ್ಟಿಯ ಬಳಿ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಸಮುದ್ರದಾಚೆಯ ಈ ಪಿತೃನಾಮವು ಕೊಂಕಣಿಯಾಡುವ, ಅನ್ನ ಮೀನು ಉಣ್ಣುವ, ಗದ್ದೆ ಉಳುವ ಕುಟುಂಬಗಳಿಗೆ ಹೇಗೆ ಬಂದಿತು?

ಉತ್ತರ ಜ್ಞಾನಸ್ನಾನದ ವಿಧಿಯಲ್ಲಿದೆ. 16ನೆಯ ಶತಮಾನದಲ್ಲಿ ಗೋವೆಯ ತಿಸ್ವಾಡಿ, ಬಾರ್ದೇಶ, ಸಾಷ್ಟಿ ಸೀಮೆಗಳ ಗ್ರಾಮಸ್ಥರು ಕ್ರೈಸ್ತರಾದಾಗ ಅವರಿಗೆ ಸಂತರೊಬ್ಬರ ಹೆಸರಿನೊಂದಿಗೆ ಮನೆತನದ ಹೆಸರನ್ನೂ ಕೊಡಲಾಗುತ್ತಿತ್ತು. ಆ ಎರಡನೆಯ ಹೆಸರು ಬಹುಮಟ್ಟಿಗೆ ಜ್ಞಾನಪಿತೃವಿನದು. ಕೊಂಕಣಿಯಲ್ಲಿ ಹೇಳುವುದಾದರೆ ಪದ್ವಾವನದು. ಜ್ಞಾನಪಿತೃವಾಗಿ ನಿಂತವನು ಪೋರ್ಚುಗೀಸ್ ಅಧಿಕಾರಿಯೋ ಸಿಪಾಯಿಯೋ ವರ್ತಕನೋ ಆಗಿರುತ್ತಿದ್ದನು. ಕೆಲವೊಮ್ಮೆ ಸ್ನಾನವಿತ್ತ ಗುರುವಿನ ಹೆಸರೇ ದಾಖಲಾಗುತ್ತಿತ್ತು. ಆದ್ದರಿಂದ ಒಂದೇ ದಿನ ಒಂದೇ ತೊಟ್ಟಿಯ ಬಳಿ ನಿಂತ ಬೇರೆ ಬೇರೆ ವಂಶದವರು ಒಂದೇ ಹೆಸರನ್ನು ಪಡೆದರು. ಬೇರೆ ಬೇರೆ ದಿನ ನಿಂತ ಒಡಹುಟ್ಟಿದವರು ಬೇರೆ ಬೇರೆ ಹೆಸರನ್ನು ಪಡೆದದ್ದೂ ಉಂಟು.

ಇದರಿಂದ ಎರಡು ನಿರ್ಣಯಗಳು ತಾವಾಗಿಯೇ ಹೊರಡುತ್ತವೆ. ಗೋವೆ ಮಂಗಳೂರುಗಳ ಪಾಯ್ಸ್ ಕುಟುಂಬಗಳಿಗೆ ಆ ಹೆಸರು ಹೆತ್ತ ತಂದೆಯಿಂದ ಬಂದುದಲ್ಲ, ಜ್ಞಾನಪಿತೃವಿನಿಂದ ಬಂದುದು. ಎರಡನೆಯದಾಗಿ, ಪಾಯ್ಸ್ ಎಂಬ ಹೆಸರಿನ ಎಲ್ಲ ಕುಟುಂಬಗಳಿಗೂ ಒಬ್ಬನೇ ಮೂಲಪುರುಷನನ್ನು ಹುಡುಕುವುದು ವ್ಯರ್ಥ. ಡಿಸೋಜರ ಮಗಳು ಡಿಸೋಜರ ಮನೆಗೆ ಸೊಸೆಯಾಗಿ ಹೋಗುವುದನ್ನು ಕಂಡು ಗೋತ್ರದ ನಿಯಮವನ್ನು ಬಲ್ಲ ನೆರೆಹೊರೆಯವರು ಬೆರಗಾಗುವುದುಂಟು. ಧರ್ಮಸಭೆಯ ಕಾನೂನು ನೋಡುವುದು ರಕ್ತಸಂಬಂಧದ ಮೆಟ್ಟಿಲುಗಳನ್ನು. 1983ರ ಸಂಹಿತೆಯ ಪ್ರಕಾರ ನಾಲ್ಕನೆಯ ಮೆಟ್ಟಿಲಿನವರೆಗಿನ ದಾಯಾದಿ ಸಂಬಂಧ ವಿವಾಹಕ್ಕೆ ಅಡ್ಡಿ. ಹೆಸರಿನ ಸಾಮ್ಯ ಅಲ್ಲಿ ಲೆಕ್ಕಕ್ಕಿಲ್ಲ. ಹೆಸರು ರಕ್ತದ ಗುರುತಲ್ಲವೆಂಬ ಚಾರಿತ್ರಿಕ ಸತ್ಯಕ್ಕೆ ಇದು ಹೊಂದುವಂತಿದೆ.

16ರಿಂದ 18ನೆಯ ಶತಮಾನದವರೆಗೆ ತೆರಿಗೆಯ ಭಾರ, ಕ್ಷಾಮ, 1560ರಲ್ಲಿ ಆರಂಭವಾದ ಧರ್ಮವಿಚಾರಣಾ ನ್ಯಾಯಸ್ಥಾನದ ಭೀತಿ, ಮರಾಠರೊಡನೆ ನಡೆದ ಯುದ್ಧಗಳು ಇವುಗಳಿಂದ ಬೇಸತ್ತ ಅನೇಕ ಕುಟುಂಬಗಳು ದಕ್ಷಿಣಕ್ಕೆ ಹೊರಟು ಕೆನರಾ ಕರಾವಳಿಯಲ್ಲಿ ನೆಲೆಸಿದವು. ಬೇಸಾಯದಲ್ಲಿ ನುರಿತ ಇವರಿಗೆ ಕೆಳದಿಯ ನಾಯಕರ ರಾಜ್ಯದಲ್ಲಿ ಆಶ್ರಯ ದೊರೆಯಿತು. ಪೋರ್ಚುಗೀಸ್ ಆಳ್ವಿಕೆಯನ್ನು ಬಿಟ್ಟು ಬಂದವರು ಪೋರ್ಚುಗೀಸ್ ಹೆಸರನ್ನು ಬಿಡಲಿಲ್ಲ. ಏಕೆಂದರೆ ಅಷ್ಟರಲ್ಲಿ ಅದು ಪರಂಗಿಯ ಹೆಸರಾಗಿರದೆ ತಮ್ಮ ಜ್ಞಾನಸ್ನಾನದ ಹೆಸರಾಗಿತ್ತು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಅನೇಕ ದೇವಾಲಯಗಳು ನೆಲಸಮವಾದವು. 1799ರ ಅನಂತರ ಉಳಿದವರು ಮರಳಿ ಬಂದರು. ಮನೆ, ಗದ್ದೆ, ಗಂಟೆ ಎಲ್ಲವನ್ನೂ ಕಳೆದುಕೊಂಡವರ ಬಳಿ ನೆನಪಿನಲ್ಲಿ ಹೊತ್ತು ತಂದ ಹೆಸರು ಮಾತ್ರ ಹಾಗೆಯೇ ಇತ್ತು.

ಹೆಸರಿನ ಹಿಂದಿನ ಹೆಸರು

ಈ ಕುಟುಂಬಗಳಲ್ಲಿ ಹಲವಕ್ಕೆ ಇನ್ನೊಂದು ಹೆಸರೂ ಇದೆ. ಪ್ರಭು, ಕಾಮತ್, ಶೆಣೈ, ಪೈ, ನಾಯಕ್, ಶೆಟ್ ಇತ್ಯಾದಿಗಳು ಕ್ರೈಸ್ತರಾಗುವ ಮುನ್ನ ಅವರ ಪೂರ್ವಿಕರಿಗಿದ್ದ ಹೆಸರುಗಳು. ದಫ್ತರದಲ್ಲಿ ಬರೆಯದಿದ್ದರೂ ಮದುವೆಯ ಮಾತುಕತೆಯಲ್ಲಿ, ಹಿರಿಯರ ಸಂಭಾಷಣೆಯಲ್ಲಿ ಇವು ನಾಲ್ಕು ಶತಮಾನ ಬದುಕಿಬಂದವು. 1967ರಲ್ಲಿ ಉಡುಪಿಯಿಂದ ಲೋಕಸಭೆಗೆ ಆಯ್ಕೆಯಾದ ಜೆ. ಎಂ. ಲೋಬೊ ಪ್ರಭು ಅವರು ಎರಡನ್ನೂ ಜೋಡಿಸಿಯೇ ಬರೆದುಕೊಳ್ಳುತ್ತಿದ್ದರು. ಪೋರ್ಚುಗಲ್ಲಿನ ತೋಳವೂ ಕೊಂಕಣದ ಪ್ರಭುವೂ ಒಂದೇ ರುಜುವಿನಲ್ಲಿ ಕೂಡಿದ್ದವು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಪೈ ಎಂಬ ಗೌಡಸಾರಸ್ವತರ ಹೆಸರೂ ಪಾಯ್ಸ್ ಎಂಬ ಹೆಸರೂ ಕಿವಿಗೆ ಹತ್ತಿರವಾದುದರಿಂದ ಒಂದು ಇನ್ನೊಂದರಿಂದ ಹುಟ್ಟಿತೆಂದು ಹೇಳುವವರಿದ್ದಾರೆ. ಪೋರ್ಚುಗಲ್ಲಿನ ಗುವಾಲ್ದಿಂ ಪಾಯ್ಸ್ ತೊಮಾರ್ ಕೋಟೆಯನ್ನು ಕಟ್ಟಿದ್ದು ಪೋರ್ಚುಗೀಸರು ಭಾರತವನ್ನು ಕಾಣುವುದಕ್ಕೆ ಮುನ್ನೂರು ವರ್ಷಗಳಿಗೂ ಹಿಂದೆ. ಪೈಗೂ ಪಾಯ್ಸ್‌ಗೂ ಬೇರು ಬೇರೆಯೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ಇಂದಿನ ಹರಹು

ಪಾಯ್ಸ್ ಎಂಬ ಹೆಸರು ಈಗ ನಾಲ್ಕು ಖಂಡಗಳಲ್ಲಿದೆ. ಪೋರ್ಚುಗಲ್ಲಿನಲ್ಲಿ 1911ರ ಕಾಗುಣಿತ ಸುಧಾರಣೆಯ ಅನಂತರ ‘ಇ’ ಅಕ್ಷರವುಳ್ಳ ಪಾಯ್ಸ್ ರೂಪ ನೆಲೆಗೊಂಡಿತು. ಬ್ರೆಜಿಲಿನಲ್ಲಿ ‘ಎ’ ಅಕ್ಷರವುಳ್ಳ ಹಳೆಯ ಪಾಯೆಸ್ ರೂಪವೂ ಧಾರಾಳವಾಗಿ ಉಳಿದಿದೆ. ಸ್ಪೇನ್ ಮತ್ತು ದಕ್ಷಿಣ ಅಮೆರಿಕದ ಸ್ಪ್ಯಾನಿಷ್ ನಾಡುಗಳಲ್ಲಿ ಅದು ಪಾಯೆಜ್. 1918ರಲ್ಲಿ ಹತ್ಯೆಗೀಡಾದ ಪೋರ್ಚುಗಲ್ಲಿನ ಅಧ್ಯಕ್ಷ ಸಿದೊನಿಯೊ ಪಾಯ್ಸ್, ವೆನೆಜುವೆಲದ ಸ್ವಾತಂತ್ರ್ಯ ಸೇನಾನಿಯೂ ಅಧ್ಯಕ್ಷನೂ ಆಗಿದ್ದ ಜೊಸೆ ಅಂತೋನಿಯೊ ಪಾಯೆಜ್ ಈ ಹೆಸರಿನವರು. 1588ರಲ್ಲಿ ಗೋವೆಗೆ ಬಂದು ಅಲ್ಲಿಂದ ಇಥಿಯೋಪಿಯಕ್ಕೆ ತೆರಳಿ, 1618ರಲ್ಲಿ ನೀಲ ನೈಲ್ ನದಿಯ ಉಗಮವನ್ನು ಕಂಡ ಯೇಸುಸಭೆಯ ಗುರು ಪೆದ್ರೊ ಪಾಯೆಜ್ ಸಹ ಇದೇ ಹೆಸರಿನವರು.

ಭಾರತದಲ್ಲಿ ಈ ಹೆಸರಿನ ನೆಲೆಗಳು ಗೋವೆ, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳು. ಅಲ್ಲಿಂದ ಮುಂಬಯಿ, ಬೆಂಗಳೂರು, ಕೊಲ್ಲಿಯ ನಾಡುಗಳು. ಗೋವೆಯ ಮೂಲದ ಡಾಕ್ಟರ್ ವೇಸ್ ಪೇಸ್ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದ ಹಾಕಿ ತಂಡದಲ್ಲಿದ್ದರು, 2025ರಲ್ಲಿ ನಿಧನರಾದರು. ಅವರ ಮಗ ಲಿಯಾಂಡರ್ 1996ರ ಅಟ್ಲಾಂಟದಲ್ಲಿ ಟೆನ್ನಿಸಿನ ಕಂಚನ್ನು ಗೆದ್ದರು. ಭಾರತದ ಜನಗಣತಿ ಮನೆತನದ ಹೆಸರುಗಳನ್ನು ಎಣಿಸಿ ಪ್ರಕಟಿಸುವುದಿಲ್ಲ. 2011ರ ಗಣತಿಯಂತೆ ಕರ್ನಾಟಕದ ಎಲ್ಲ ಪಂಗಡಗಳ ಕ್ರೈಸ್ತರು ಒಟ್ಟು 11,42,647. ರಾಜ್ಯದ ಜನಸಂಖ್ಯೆಯ ಶೇಕಡಾ 1.87. ಇವರಲ್ಲಿ ಪೋರ್ಚುಗೀಸ್ ಹೆಸರಿನವರು ಒಂದು ಭಾಗ ಮಾತ್ರ. ಆ ಭಾಗದಲ್ಲಿಯೂ ಡಿಸೋಜ, ಫರ್ನಾಂಡಿಸ್‌ಗಳೇ ದಟ್ಟ, ಪಾಯ್ಸ್ ವಿರಳ.

ಹೊಸಪೇಟೆಯ ಸುತ್ತಿಗೆ ಇಂಥ ಹೆಸರುಗಳು ಬಂದುದು ಕೆಲಸದ ದಾರಿಯಿಂದ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದ ರೈಲು, 1945ರಿಂದ 1953ರವರೆಗೆ ನಡೆದ ತುಂಗಭದ್ರಾ ಅಣೆಕಟ್ಟಿನ ಕಾಮಗಾರಿ, ಸಂಡೂರಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಗಣಿಗಳು, 1990ರ ದಶಕದಲ್ಲಿ ತೋರಣಗಲ್ಲಿನಲ್ಲಿ ತಲೆಯೆತ್ತಿದ ಉಕ್ಕಿನ ಕಾರ್ಖಾನೆ, ಶಾಲೆ ಆಸ್ಪತ್ರೆಗಳ ಸೇವೆ ಇವು ಬೇರೆ ಬೇರೆ ಸೀಮೆಯ ಜನರನ್ನು ಇಲ್ಲಿಗೆ ಕರೆತಂದವು. 1949ರಲ್ಲಿ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾಯಿತು. ಡೊಮಿಂಗೊ ಪಾಯಸ್ ಕುದುರೆಯ ದಾರಿಯಲ್ಲಿ ಬಂದು ಬರೆದು ಹೋದನು. ಪಾಯ್ಸ್ ಕುಟುಂಬಗಳು ನಾಲ್ಕು ಶತಮಾನಗಳ ಬಳಿಕ ರೈಲಿನ ದಾರಿಯಲ್ಲಿ ಬಂದು ದುಡಿದು ಉಳಿದವು. ಇವೆರಡಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ.

ಚಿನ್ನಪ್ಪನೂ ಪಾಯ್ಸನೂ

ಇನ್ನು ಅಡ್ಡಹ��ಸರಿಲ್ಲದವರ ಮಾತು. ಕಂಪ್ಲಿಯ ಗದ್ದೆಬಯಲಿನಲ್ಲಾಗಲಿ ಸಂಡೂರಿನ ಗಣಿಯ ಕೇರಿಯಲ್ಲಾಗಲಿ ಚಿನ್ನಪ್ಪ ಎಂಬ ಕ್ರೈಸ್ತನ ಹೆಸರು ಯಾವ ಯುರೋಪಿಯನ್ ಹೆಸರಿಗೂ ಕಡಿಮೆಯಾದುದಲ್ಲ. ಸಂತ ಪೌಲರ ಹೆಸರಿಗೆ ಲ್ಯಾಟಿನಿನಲ್ಲಿ ಚಿಕ್ಕವನು ಎಂದರ್ಥ. ಅದನ್ನು ತಮಿಳಿನ ಕ್ರೈಸ್ತರು ಚಿನ್ನಪ್ಪನೆಂದು ತಮ್ಮ ನುಡಿಗೆ ತಂದುಕೊಂಡರು. ಚೌರಪ್ಪ, ಸವೇರಿ, ಸವರಿಮುತ್ತು ಎಂಬ ಹೆಸರುಗಳಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಇದ್ದಾರೆ. ಕ್ಸೇವಿಯರ್ ಎಂಬುದು ಮೂಲತಃ ಊರಿನ ಹೆಸರು. ಬಾಸ್ಕ್ ನುಡಿಯಲ್ಲಿ ಅದರ ಅರ್ಥ ಹೊಸ ಮನೆ. ಹೊಸಪೇಟೆಯಲ್ಲಿ ಸವೇರಿ ಎಂಬ ಹೆಸರಿನವರಿದ್ದರೆ ಹೊಸ ಊರಿನಲ್ಲಿ ಹೊಸ ಮನೆಯವರು ಇದ್ದಂತೆಯೇ ಸರಿ.

ಈಚಿನ ವರ್ಷಗಳಲ್ಲಿ ಪಾಸ್‌ಪೋರ್ಟು, ಬ್ಯಾಂಕಿನ ಅರ್ಜಿ, ಕಾಲೇಜಿನ ಪ್ರವೇಶಪತ್ರ ಎಲ್ಲದರಲ್ಲಿಯೂ ಕೊನೆಯ ಹೆಸರೇನೆಂದು ಕೇಳುತ್ತಾರೆ. ಅಡ್ಡಹೆಸರಿಲ್ಲದ ಕುಟುಂಬದ ಹುಡುಗನು ಅಲ್ಲಿ ತಂದೆಯ ಹೆಸರನ್ನೇ ಬರೆಯುತ್ತಾನೆ. ಜೋಸೆಫ್ ಎಂಬವನು ಜೋಸೆಫ್ ಚಿನ್ನಪ್ಪ ಆಗುತ್ತಾನೆ. ಮುಂದೆ ಅವನ ಮಕ್ಕಳೂ ಅದೇ ಚಿನ್ನಪ್ಪವನ್ನು ಕೊನೆಯ ಹೆಸರಾಗಿ ಉಳಿಸಿಕೊಂಡರೆ ಮೂರನೆಯ ತಲೆಮಾರಿಗೆ ಅದು ಮನೆತನದ ಹೆಸರೇ ಆಗಿಬಿಡುತ್ತದೆ. ಪಾಯೊ ಎಂಬ ತಂದೆಯಿಂದ ಪಾಯ್ಸ್ ಎಂಬ ಮನೆತನ ಹುಟ್ಟಿದ್ದು ಇದೇ ರೀತಿಯಲ್ಲಿ, ಇದೇ ಕಾರಣದಿಂದ: ಕಾಗದಕ್ಕೆ ಒಂದು ಸ್ಥಿರವಾದ ಹೆಸರು ಬೇಕಾಗಿತ್ತು. ಎಂಟುನೂರು ವರ್ಷಗಳ ಹಿಂದೆ ಪೋರ್ಚುಗಲ್ಲಿನಲ್ಲಿ ಆರಂಭವಾದುದು ನಮ್ಮ ಕಣ್ಣೆದುರಿಗೆ ನಮ್ಮ ಧರ್ಮಕೇಂದ್ರಗಳಲ್ಲಿ ನಡೆಯುತ್ತಿದೆ. ಎರಡೂ ಪಿತೃನಾಮಗಳೇ, ಎರಡರ ಬುಡದಲ್ಲಿಯೂ ಒಬ್ಬ ಸಂತನಿದ್ದಾನೆ. ಒಂದರಲ್ಲಿ ಬಾಲಕ ಪೆಲಾಜಿಯಸ್, ಇನ್ನೊಂದರಲ್ಲಿ ಪ್ರೇಷಿತ ಪೌಲ. ಇವುಗಳ ನಡುವೆ ಮೇಲುಕೀಳನ್ನು ಎಣಿಸಲು ಚರಿತ್ರೆಯಲ್ಲಿ ಆಧಾರವಿಲ್ಲ.

ಹಾಗೆಯೇ ಪಾಯ್ಸ್, ಡಿಸೋಜ, ಫರ್ನಾಂಡಿಸ್ ಎಂಬ ಹೆಸರಿನವರನ್ನು ಪರದೇಶಿಗಳೆಂದು ಕರೆಯಲೂ ಆಧಾರವಿಲ್ಲ. ಅವರ ಮನೆಮಾತು ಕೊಂಕಣಿ, ಅವರ ಹಿಂದಿನ ಹೆಸರು ಪ್ರಭು, ಕಾಮತ್, ನಾಯಕ್; ಅವರ ಪೂರ್ವಿಕರು ಈ ದಖ್ಖನದ ಪಶ್ಚಿಮ ತೀರದ ಮಣ್ಣಿನವರು. ಅವರ ಹೆಸರು ಸಾಕ್ಷಿ ಹೇಳುವುದು ಜ್ಞಾನಸ್ನಾನದ ಒಂದು ಗಳಿಗೆಗೆ, ಅಂದು ಪಕ್ಕದಲ್ಲಿ ನಿಂತು ಹೊಣೆ ಹೊತ್ತ ಒಬ್ಬ ಮನುಷ್ಯನಿಗೆ.

ಕಡೆಯದಾಗಿ ಒಂದು ವಿನಂತಿ. ದಫ್ತರದಲ್ಲಿ ಬರೆದ ಹೆಸರು ಉಳಿಯುತ್ತದೆ. ಹಿರಿಯರ ಬಾಯಲ್ಲಿ ಮಾತ್ರ ಇರುವ ಹೆಸರು ಅವರೊಡನೆ ಮಣ್ಣಾಗುತ್ತದೆ. ಪ್ರಭು, ಶೆಣೈ ಮುಂತಾದ ಹಿಂದಿನ ಹೆಸರುಗಳು, ತೆಲುಗು ಕುಟುಂಬಗಳ ಇಂಟಿಪೇರುಗಳು, ಕೇರಳದ ಕುಟುಂಬಗಳ ಮನೆಹೆಸರುಗಳು, ಚಿನ್ನಪ್ಪ ರಾಯಪ್ಪರ ತಂದೆ ಅಜ್ಜಂದಿರು ಬಿಟ್ಟುಬಂದ ಊರುಗಳು ಇವೆಲ್ಲವನ್ನೂ ಪ್ರತಿಯೊಂದು ಮನೆಯವರೂ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಕುಟುಂಬದ ಬೈಬಲಿನಲ್ಲಿ ಇಡಬೇಕು. ಸಾಧ್ಯವಾದರೆ ಅದರ ಪ್ರತಿಯನ್ನು ಧರ್ಮಕೇಂದ್ರದ ಕಪಾಟಿಗೂ ಕೊಡಬೇಕು. ಡೊಮಿಂಗೊ ಪಾಯಸ್ ತಾನು ಕಂಡುದನ್ನು ಬರೆದಿಟ್ಟಿದ್ದರಿಂದ ವಿಜಯನಗರದ ಬೀದಿಗಳು ಇಂದಿಗೂ ನಮ್ಮ ಕಣ್ಣಿಗೆ ಕಟ್ಟುತ್ತವೆ. ನಮ್ಮ ಮನೆಗಳ ಮಟ್ಟಿಗೆ ಆ ಕೆಲಸವನ್ನು ನಾವೇ ಮಾಡಬೇಕಾಗಿದೆ. ಎರಡನೆಯ ಶತಮಾನದ ಹೊಸ ದಫ್ತರವನ್ನು ತೆರೆಯುವ ಈ ಸಂದರ್ಭಕ್ಕಿಂತ ಅದಕ್ಕೆ ಒಳ್ಳೆಯ ಮುಹೂರ್ತ ದೊರೆಯಲಾರದು.